ಬಯೋಡಾಟಾದಲ್ಲಿ ಬರೆಯದೆ ಬಿಟ್ಟದ್ದು

ಓದು ಮುಗಿಸಿ ಕೆಲಸ ಹುಡುಕಲು ಹೊರಟ ಹುಡುಗ ಹುಡುಗಿಯರ ಜೊತೆ ಈ ಹೊತ್ತು ಮಾತಾಡಬೇಕೆಂದಿದ್ದೇನೆ. ಅವರ ತಂದೆ ತಾಯಿ ಪಕ್ಕದಲ್ಲೇ ಕೂತು ಕೇಳುತ್ತಿದ್ದರೆ ಇನ್ನೂ ಒಳ್ಳೆಯದು. ಈ ಮಾತಿನ ಅರ್ಧ ಅವರ ಮನೆಯದೇ.

ಬೆಳಗಾವಿಯಿಂದ ಖಾನಾಪುರದ ರಸ್ತೆ ಹಿಡಿದು ಉದ್ಯಮಬಾಗ ದಾಟಿದರೆ ನಮ್ಮ ಪೀರನವಾಡಿ ಸಿಗುತ್ತದೆ. ಇಲ್ಲಿ ದಾರಿ ಎರಡಾಗುತ್ತದೆ. ಒಂದು ಮಚ್ಛೆ, ಖಾನಾಪುರ, ಲೋಂಡಾ ಕಡೆಗೆ. ಇನ್ನೊಂದು ಜಾಂಬೋಟಿಯ ಮೇಲೆ ಹಾದು ಚೋರ್ಲಾ ಘಾಟು ಇಳಿದು ಗೋವಾಕ್ಕೆ. ಊರಿನ ಒಂದು ಮಗ್ಗುಲಲ್ಲಿ ಉದ್ಯಮಬಾಗದ ಫೌಂಡ್ರಿಗಳು, ಮಷೀನ್ ಶಾಪುಗಳು. ಇನ್ನೊಂದು ಮಗ್ಗುಲಲ್ಲಿ, ಮಚ್ಛೆಯಲ್ಲಿ, 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು. ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಹುಡುಗರ ಅಂಕಪಟ್ಟಿಗಳ ಮೇಲೆ ಇರುವುದು ಅದರದೇ ಹೆಸರು. ಪದವಿ ಕೊಡುವ ಜಾಗಕ್ಕೂ ಕೆಲಸ ಕೊಡುವ ಜಾಗಕ್ಕೂ ನಡುವೆ ನಮ್ಮೂರು. ಇಷ್ಟು ಹತ್ತಿರವಿದ್ದೂ ನಮ್ಮ ಮಕ್ಕಳು ಆ ಜಾಗದಿಂದ ಈ ಜಾಗಕ್ಕೆ ದಾಟಲು ಎರಡೆರಡು ವರ್ಷ ಕಾಯುವುದನ್ನು ನೋಡಿದ್ದೇನೆ.

ನಾನು ಉದ್ಯಮಬಾಗದ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಅರ್ಜಿಗಳನ್ನು ಓದುವುದೇ ನನ್ನ ಕೆಲಸವಾಗಿತ್ತು. ಈಗ ಮನೆಗೆ ಬರುವ ಮಕ್ಕಳ ಬಯೋಡಾಟಾ ತಿದ್ದಿಕೊಡುತ್ತೇನೆ. ಕಾಲೇಜಿನವರು ಅದನ್ನು ರೆಸ್ಯೂಮ್ ಎನ್ನುತ್ತಾರೆ, ಬೆಂಗಳೂರಿಗೆ ಹೋಗಿ ಬಂದವರು ಸಿವಿ ಎನ್ನುತ್ತಾರೆ, ನಮ್ಮ ಓಣಿಯಲ್ಲಿ ಅದು ಇವತ್ತಿಗೂ ಬಯೋಡಾಟಾ.

ಅದು ಹುಟ್ಟುವ ಜಾಗ ಝೆರಾಕ್ಸ್ ಅಂಗಡಿ. ಫಲಿತಾಂಶ ಬಂದ ವಾರ ಅಲ್ಲಿ ನಿಂತು ನೋಡಿ. ಹೊರಗೆ ಮಳೆ, ಒಳಗೆ ಪ್ಲಾಸ್ಟಿಕ್ ಫೈಲು ಎದೆಗೆ ಒತ್ತಿಕೊಂಡ ಆರೇಳು ಹುಡುಗರು. ಅಂಗಡಿಯವನ ಕಂಪ್ಯೂಟರಿನಲ್ಲಿ ಒಂದು ಫೈಲು ಸದಾ ಸಿದ್ಧ. ಹಿಂದಿನವನ ಹೆಸರು ಅಳಿಸಿ ಮುಂದಿನವನ ಹೆಸರು ಹೊಡೆಯುತ್ತಾನೆ, ಫೋಟೋ ಬದಲಿಸುತ್ತಾನೆ, ಪ್ರಿಂಟ್ ಕೊಡುತ್ತಾನೆ. ಉಳಿದದ್ದೆಲ್ಲ ಹಾಗೇ. ಮೇಲೆ ಇಂಗ್ಲಿಷಿನ ಒಂದು ಉದ್ದ ವಾಕ್ಯ: ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಜ್ಞಾನವನ್ನು ಮುಡಿಪಾಗಿಡುತ್ತೇನೆ ಎಂಬ ಅರ್ಥದ್ದು. ಆಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿಯ ಅಂಕಗಳ ಕೋಷ್ಟಕ. ಆಮೇಲೆ ಧರ್ಮ, ಜಾತಿ, ಎತ್ತರ, ಮದುವೆ ಆಗಿದೆಯೋ ಇಲ್ಲವೋ. ಹವ್ಯಾಸ: ಕ್ರಿಕೆಟ್ ಆಡುವುದು, ಹಾಡು ಕೇಳುವುದು. ಕೊನೆಗೆ ಮೇಲಿನದೆಲ್ಲ ಸತ್ಯವೆಂಬ ಘೋಷಣೆ, ಸಹಿ. ಅಂಗಡಿಯವನನ್ನು ನಾನು ದೂರುವುದಿಲ್ಲ. ಅವನಿಗೆ ಹೇಳಿದ್ದನ್ನು ಅವನು ಹೊಡೆದುಕೊಡುತ್ತಾನೆ. ಆದರೆ ಒಂದೇ ಬೆಳಗ್ಗೆ ನಲವತ್ತು ಅರ್ಜಿಗಳು ಒಂದೇ ವಾಕ್ಯದಿಂದ ಶುರುವಾದರೆ, ಓದುವವನ ಕಣ್ಣು ನೇರವಾಗಿ ಅಂಕಗಳ ಮೇಲೆ ಹೋಗಿ ನಿಲ್ಲುತ್ತದೆ. ಅಲ್ಲಿ ಅಂಕ ಕಡಿಮೆ ಇದ್ದವರ ಕತೆ ಮುಗಿಯಿತು.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಐಟಿಐ ಮುಗಿಸಿ ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಿದ್ದವನು. ಕೈಯಲ್ಲಿ ಅದೇ ಅಂಗಡಿಯ ಅದೇ ಹಾಳೆ. ಹಾಳೆ ಚಾಚಿದಾಗ ಅವನ ಮುಂಗೈ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಸುಟ್ಟ ಕಲೆಗಳು ಕಂಡವು. ಕರಗಿದ ಕಬ್ಬಿಣದ ಕಿಡಿ ಸಿಡಿದು ಆಗುವ ಕಲೆ ಅದು, ಗುರುತು ಹಿಡಿಯಲು ನನಗೆ ಹೊತ್ತು ಬೇಕಾಗಲಿಲ್ಲ.

"ಇವು ಎಲ್ಲಿ ಆದುವಪಾ?" ಅಂದೆ.

"ಫೌಂಡ್ರಿ ಒಳಗ ರೀ ಸರ್. ಸೂಟಿ ಒಳಗ ಕಾಕಾನ ಜೋಡಿ ಹೋಗ್ತಿದ್ದೆ."

"ಎಷ್ಟು ಸೂಟಿ?"

"ಎರಡು ಸೂಟಿ ರೀ. ಎಲ್ಲಾ ಕೂಡಿ ಹದಿನಾಕು ವಾರ ಆಗಿರಬೇಕು."

"ಇದರಾಗ ಎಲ್ಲಿ ಬರದೀ ಅದನ್ನ?"

ಹುಡುಗ ತಲೆ ತಗ್ಗಿಸಿದ. "ಅದೇನ್ ಬರಿಯೂದ್ರೀ ಸರ್. ಕೂಲಿ ಕೆಲಸ ಅದು."

ನಾನು ಆ ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಪೆನ್ಸಿಲ್ ಹಿಡಿದೆ. ಅಲ್ಲಿ ಏನೇನು ಮಾಡಿದೆ ಹೇಳು ಅಂದೆ. ಮೊದಮೊದಲು ಒಂದೊಂದೇ ಮಾತು. ಆಮೇಲೆ ನಿಲ್ಲಲೇ ಇಲ್ಲ. ಅಚ್ಚಿನ ಮರಳಿಗೆ ಎಷ್ಟು ನೀರು ಬೇಕೆಂದು ಮುಷ್ಟಿಯಲ್ಲಿ ಹಿಚುಕಿ ಹೇಳುವುದನ್ನು ಕಾಕಾ ಕಲಿಸಿದ್ದ: ಮುಷ್ಟಿ ಬಿಚ್ಚಿದಾಗ ಬೆರಳಿನ ಗೆರೆ ಮೂಡಿರಬೇಕು, ಉಂಡೆ ಎರಡು ಮಾಡಿದರೆ ಅಂಚು ಉದುರಬಾರದು. ನೀರು ಹೆಚ್ಚಾದರೆ ಆವಿ ಒಳಗೇ ಸಿಕ್ಕು ಎರಕದಲ್ಲಿ ಬ್ಲೋ ಹೋಲ್, ಅಂದರೆ ಗಾಳಿಯ ತೂತು, ಬೀಳುತ್ತದೆ. ಎರಕದೊಳಗೆ ಟೊಳ್ಳು ಬಿಡಿಸುವ ಕೋರ್ ಕೂಡಿಸುವುದು ಗೊತ್ತು, ಎರಕದ ಅಂಚು ತಿಕ್ಕಿ ಶುಚಿಮಾಡುವ ಫೆಟ್ಲಿಂಗ್ ಗೊತ್ತು, ತಿರಸ್ಕೃತವಾದ ಎರಕಗಳನ್ನು ದೋಷಕ್ಕೆ ತಕ್ಕಂತೆ ಬೇರೆ ಬೇರೆ ರಾಶಿ ಹಾಕುವುದು ಎರಡನೇ ಸೂಟಿಯಲ್ಲಿ ಅವನದೇ ಕೆಲಸ. ಇದನ್ನೆಲ್ಲ ಹುಡುಗ ಹೇಳುವಾಗ ಅವನ ದನಿಯೇ ಬೇರೆಯಾಗಿತ್ತು.

ಹಾಳೆಯ ಹಿಂದೆ ನಾವಿಬ್ಬರೂ ಕೂಡಿ ಬರೆದದ್ದು ಇಷ್ಟು: ಉದ್ಯಮಬಾಗದ ಗ್ರೇ ಐರನ್ ಫೌಂಡ್ರಿಯಲ್ಲಿ ಎರಡು ರಜೆಗಳಲ್ಲಿ ಒಟ್ಟು 14 ವಾರ ಸಹಾಯಕ, ಹಸಿ ಮರಳಿನ ಅಚ್ಚು, ಕೋರ್ ಜೋಡಣೆ, ಫೆಟ್ಲಿಂಗ್, ಎರಕದ ದೋಷಗಳನ್ನು ಗುರುತಿಸಿ ವಿಂಗಡಿಸಿದ ಅನುಭವ. ಅದನ್ನು ಅಂಕಗಳ ಕೋಷ್ಟಕಕ್ಕಿಂತ ಮೇಲೆ ಇಟ್ಟೆವು. ಮೇಲಿದ್ದ ಸವಾಲಿನ ವಾತಾವರಣದ ವಾಕ್ಯವನ್ನು ತೆಗೆದು ಅಲ್ಲಿ, ಫೌಂಡ್ರಿ ಅಥವಾ ಗುಣಮಟ್ಟ ತಪಾಸಣೆ ವಿಭಾಗದಲ್ಲಿ ತರಬೇತಿ ಹುದ್ದೆ ಬೇಕಾಗಿದೆ ಎಂದು ನೇರವಾಗಿ ಬರೆದೆವು. ಹೊಸದಾಗಿ ಹುಟ್ಟಿಸಿದ್ದು ಒಂದು ಅಕ್ಷರವೂ ಇಲ್ಲ. ಎಲ್ಲ ಅವನ ಮೈಮೇಲೇ ಇತ್ತು.

ಕೇಳುಗರೆ, ಇಷ್ಟು ವರ್ಷ ಅರ್ಜಿ ಓದಿದ ಮೇಲೆ ನನಗೆ ಬಂದ ತಿಳಿವಳಿಕೆ ಇದೇ. ನಮ್ಮ ಕಡೆಯ ಮಕ್ಕಳ ಬಯೋಡಾಟಾ ಸೋಲುವುದು ಅದರಲ್ಲಿ ಬರೆದ ತಪ್ಪಿನಿಂದ ಕಡಿಮೆ, ಬರೆಯದೆ ಬಿಟ್ಟದ್ದರಿಂದ ಹೆಚ್ಚು. ಮೈಬಗ್ಗಿಸಿ ಮಾಡಿದ ಕೆಲಸವನ್ನು ಓದಿದವನು ಹೇಳಿಕೊಳ್ಳಬಾರದು ಎಂಬ ನಾಚಿಕೆಯನ್ನು ನಾವೇ ಅವರ ತಲೆಯಲ್ಲಿ ತುಂಬಿದ್ದೇವೆ. ಈ ಬೆಳಗಾವಿಯ ಕಬ್ಬಿಣದ ಕಸುಬು ಹೇಗೆ ಬೆಳೆಯಿತೆಂದು ನೆನೆಸಿಕೊಳ್ಳಿ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ತಾಂತ್ರಿಕ ಸಂಸ್ಥೆಯೊಂದರಲ್ಲಿ ಪಾಠ ಹೇಳುತ್ತಿದ್ದವರು. 1888ರಲ್ಲಿ ಬೆಳಗಾವಿಯಲ್ಲಿ ಅವರ ಸೈಕಲ್ ಅಂಗಡಿ ಶುರುವಾಯಿತು. ಅಲ್ಲಿಂದ ಕಣಿಕೆ ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಅವರು ಕಾರ್ಖಾನೆಯನ್ನು ಊರು ಬಿಟ್ಟು ಬೇರೆ ಕಡೆ ಒಯ್ದರು, ಅದು ಕಿರ್ಲೋಸ್ಕರವಾಡಿಯಾಯಿತು. ಬೆಳಗಾವಿಯಲ್ಲಿ ಅವರ ಹೆಸರಿನ ರಸ್ತೆ ಉಳಿಯಿತು. ಪಾಠ ಹೇಳಿದ ಕೈಯೇ ಸೈಕಲ್ ರಿಪೇರಿಯನ್ನೂ ಮಾಡಿತು. ಅಂಥ ಬೆಳಗಾವಿಯ ಮಕ್ಕಳು ಫೌಂಡ್ರಿಯ ಮಾತನ್ನು ಮುಚ್ಚಿಡುವುದೆಂದರೆ ನನಗೆ ಸಂಕಟವಾಗುತ್ತದೆ.

ಇದರಲ್ಲಿ ನನ್ನ ತಪ್ಪೂ ಇದೆ, ಅದನ್ನು ಹೇಳಲೇಬೇಕು. ಸೇವೆಯಲ್ಲಿದ್ದಾಗ ಒಮ್ಮೆ ಶೇಕಡಾ 58 ಅಂಕದ ಒಂದು ಅರ್ಜಿಯನ್ನು ನಾನೇ ಪಕ್ಕಕ್ಕಿಟ್ಟೆ. ಎರಡು ವರ್ಷದ ಮೇಲೆ ಬೇರೊಂದು ಮಷೀನ್ ಶಾಪಿಗೆ ಹೋದಾಗ ಅದೇ ಹುಡುಗ ಸಿಎನ್‌ಸಿ ಲೇತ್ ಮುಂದೆ ಸೆಟ್ಟರ್ ಆಗಿ ನಿಂತಿದ್ದ. ಹೈಡ್ರಾಲಿಕ್ ವಾಲ್ವಿನ ಸ್ಪೂಲ್ ತಿರುವುತ್ತಿದ್ದ. ಅಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗವೂ ಲೆಕ್ಕಕ್ಕೆ ಬರುತ್ತದೆ. ಡಿಪ್ಲೊಮಾ ಓದುವಾಗಲೇ ಸಂಜೆ ಹೊತ್ತು ಲೇತಿನ ಮೇಲೆ ಕೈ ಪಳಗಿಸಿದ್ದನಂತೆ. ಅವನ ಅರ್ಜಿಯಲ್ಲಿ ಆ ಮಾತಿರಲಿಲ್ಲ, ನಾನೂ ಕೇಳಲಿಲ್ಲ. ಅವನು ನನ್ನನ್ನು ಗುರುತಿಸಿ ನಮಸ್ಕಾರ ಮಾಡಿದ. ಅಂದಿನಿಂದ ಬಂದ ಪ್ರತಿಯೊಬ್ಬರನ್ನೂ ಸೂಟಿಯಲ್ಲಿ ಏನು ಮಾಡಿದೆ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ.

ಹುಡುಗಿಯರದು ಇನ್ನೊಂದು ಬಗೆ. ಜಾಂಬೋಟಿಯ ಆಚೆಯ ಹಳ್ಳಿಯ ಒಬ್ಬ ಮಗಳು ಬಿಕಾಂ ಮುಗಿಸಿ ಬಂದಿದ್ದಳು. ಮಳೆಗಾಲದಲ್ಲಿ ಬೆಳಗಿನ ಒಂದು ಬಸ್ಸು ತಪ್ಪಿದರೆ ಆ ದಿನದ ಕಾಲೇಜು ತಪ್ಪಿದಂತೆ, ಅಂಥ ಊರು. ಮೂರು ತಿಂಗಳ ಟ್ಯಾಲಿ ಕೋರ್ಸಿನ ಸರ್ಟಿಫಿಕೇಟ್ ಒಂದನ್ನೇ ದೊಡ್ಡದಾಗಿ ಬರೆದಿದ್ದಳು. ಮಾತಿಗೆ ಮಾತು ಬಂದಾಗ ತಿಳಿಯಿತು: ಅವಳ ತಾಯಿಯ ಸ್ವಸಹಾಯ ಸಂಘದ ಲೆಕ್ಕವನ್ನು ನಾಲ್ಕು ವರ್ಷದಿಂದ ಬರೆಯುವವಳು ಇವಳೇ. ಹದಿನಾಲ್ಕು ಜನ ಹೆಂಗಸರು, ವಾರಕ್ಕೊಂದು ಸಭೆ. ಉಳಿತಾಯದ ವಹಿ, ಸಾಲದ ಖಾತೆ, ಬಡ್ಡಿ, ನಡಾವಳಿ ಪುಸ್ತಕ ಎಲ್ಲವೂ ಅವಳ ಅಕ್ಷರದಲ್ಲಿ. ಹೆಂಗಸರು ಮಾತಾಡುವುದು ಮರಾಠಿ, ವಹಿ ಬರೆಯುವುದು ಕನ್ನಡದಲ್ಲಿ, ಬ್ಯಾಂಕಿನ ಫಾರ್ಮು ಇಂಗ್ಲಿಷಿನಲ್ಲಿ. ಮೂರನ್ನೂ ಹೊಂದಿಸಿ ನಾಲ್ಕು ವರ್ಷ ಒಂದು ರೂಪಾಯಿ ಹೆಚ್ಚುಕಡಿಮೆಯಾಗದಂತೆ ನಡೆಸಿದ್ದಾಳೆ.

"ಯಾಕ ಬರೀಲಿಲ್ಲವಾ?" ಅಂದರೆ, "ಅದು ಆಯೀದು ಸಂಘ ರೀ ಅಜ್ಜಾ, ನಂದಲ್ಲ" ಅಂದಳು.

ತಾಯಿಯ ಸಂಘವಾದರೇನು, ಲೆಕ್ಕ ಅವಳದು. ಸಹಕಾರಿ ಸಂಘ, ಸೌಹಾರ್ದ, ಆಸ್ಪತ್ರೆಯ ಬಿಲ್ ಕೌಂಟರು, ಮಾರಾಟ ಮಳಿಗೆಯ ಲೆಕ್ಕದ ಮೇಜು ಎಲ್ಲರೂ ಹುಡುಕುತ್ತಿರುವುದು ಇಂಥವಳನ್ನೇ. ಆ ನಾಲ್ಕು ವರ್ಷ ಅವಳ ಬಯೋಡಾಟಾದ ಮೊದಲ ಸಾಲಾಯಿತು, ಟ್ಯಾಲಿ ಅದರ ಕೆಳಗೆ ಹೋಯಿತು.

ಭಾಷೆಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಪೀರನವಾಡಿಯ ಮಗು ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಅಂಗಡಿಯಲ್ಲಿ ಮತ್ತೊಂದು ಮಾತಾಡುತ್ತ ಬೆಳೆಯುತ್ತದೆ. ಕನ್ನಡ, ಮರಾಠಿ, ಉರ್ದು, ಹಿಂದಿ. ಘಟ್ಟದ ಕಡೆಯವರಿಗೆ ಕೊಂಕಣಿಯೂ ಬರುತ್ತದೆ. ಭಾಷೆಯ ಹೆಸರಿನಲ್ಲಿ ನಮ್ಮ ಕಡೆ ಆದ ಜಗಳಗಳು ಎಲ್ಲರಿಗೂ ಗೊತ್ತು. ಆದರೆ ಹೊರಗಿನ ಯಾವ ಊರಿನ ಹುಡುಗನಿಗೆ ಇಷ್ಟು ಭಾಷೆ ಪುಕ್ಕಟೆ ಸಿಗುತ್ತದೆ? ನಮ್ಮ ಮಕ್ಕಳು ಬಯೋಡಾಟಾದ ಕೊನೆಯಲ್ಲಿ ಭಾಷೆಗಳನ್ನು ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ತಳ್ಳಿಬಿಡುತ್ತಾರೆ. ಹಾಗೆ ಮಾಡಬೇಡಿ. ಯಾವುದನ್ನು ಮಾತಾಡಬಲ್ಲೆ, ಯಾವುದನ್ನು ಓದಬಲ್ಲೆ, ಯಾವುದರಲ್ಲಿ ಪತ್ರ ಬರೆಯಬಲ್ಲೆ ಎಂದು ಬೇರೆ ಬೇರೆ ಬರೆಯಿರಿ. ಗೋವಾದ ವೆರ್ಣಾ ಕೈಗಾರಿಕಾ ಪ್ರದೇಶಕ್ಕೆ, ಕೊಲ್ಹಾಪುರಕ್ಕೆ, ಪುಣೆಗೆ, ಹುಬ್ಬಳ್ಳಿಗೆ ಅರ್ಜಿ ಹಾಕುವವರಿಗೆ ಈ ಒಂದು ಸಾಲು ಕೆಲಸ ಕೊಡಿಸಬಲ್ಲದು. ಇಂಗ್ಲಿಷ್ ಎಷ್ಟು ಬರುತ್ತದೋ ಅಷ್ಟೇ ಬರೆಯಿರಿ. ಸಂದರ್ಶನದ ಎರಡನೇ ಪ್ರಶ್ನೆಗೆ ಅದು ಹೇಗೂ ಗೊತ್ತಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದನ್ನು ಮರೆಮಾಚುವವರಿದ್ದಾರೆ, ಅದರ ಅಗತ್ಯವಿಲ್ಲ.

ಓದು ಅರ್ಧಕ್ಕೆ ನಿಂತವರು, ವಿಷಯ ಬಾಕಿ ಉಳಿಸಿಕೊಂಡವರು, ನಡುವೆ ಒಂದು ವರ್ಷ ಮನೆಯಲ್ಲಿ ಕೂತವರು ನನ್ನ ಬಳಿ ಬಂದು ಅದನ್ನು ಹೇಗೆ ಮುಚ್ಚುವುದೆಂದು ಕೇಳುತ್ತಾರೆ. ಅವರಿಗೆ ನಾನು ಶ್ರೀನಿವಾಸ ರಾಮಾನುಜನ್ ಅವರ ಒಂದು ಅರ್ಜಿಯ ಕತೆ ಹೇಳುತ್ತೇನೆ. 1912ರ ಫೆಬ್ರವರಿ 9ರಂದು ಅವರು ಮದ್ರಾಸು ಪೋರ್ಟ್ ಟ್ರಸ್ಟಿಗೆ ಗುಮಾಸ್ತೆಯ ಕೆಲಸ ಕೇಳಿ ಅರ್ಜಿ ಬರೆದರು. ಜಗತ್ತು ಮುಂದೆ ಕೊಂಡಾಡಿದ ಗಣಿತಜ್ಞನಿಗೆ ಅಂದು ಡಿಗ್ರಿ ಇರಲಿಲ್ಲ. ಮೆಟ್ರಿಕ್ಯುಲೇಶನ್ ಪಾಸಾಗಿದ್ದೇನೆ, ಎಫ್‌ಎವರೆಗೆ (ಆಗಿನ ಕಾಲೇಜಿನ ಮೊದಲ ಹಂತ) ಓದಿದ್ದೇನೆ, ಮುಂದೆ ಓದಲು ಆಗಲಿಲ್ಲ, ಆ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ ಎಂಬ ಅರ್ಥದಲ್ಲಿ ಇದ್ದದ್ದನ್ನು ಇದ್ದಂತೆ ಬರೆದರು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿಯ ಕೆಲಸ ಸಿಕ್ಕಿತು. ಮರುವರ್ಷ ಜನವರಿಯಲ್ಲಿ ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಯವರಿಗೆ ಬರೆದಾಗಲೂ ತಾನೊಬ್ಬ ಗುಮಾಸ್ತೆ ಎಂದು ಸಂಬಳದ ಸಮೇತ ಹೇಳಿಕೊಂಡು, ಜೊತೆಗೆ ತನ್ನ ಪ್ರಮೇಯಗಳ ಹಾಳೆಗಳನ್ನು ಇಟ್ಟರು. ಓದು ನಿಂತದ್ದನ್ನು ಒಂದು ಸಾಲಿನಲ್ಲಿ ಹೇಳಿ, ಆ ಹೊತ್ತಿನಲ್ಲಿ ಏನು ಮಾಡಿದೆ ಎಂಬುದನ್ನು ಮುಂದಿಟ್ಟರು. ನಿಮ್ಮ ಖಾಲಿ ವರ್ಷದಲ್ಲಿ ತಂದೆಯ ಆರೈಕೆ ಮಾಡಿದ್ದರೆ, ಹೊಲ ನೋಡಿಕೊಂಡಿದ್ದರೆ, ಖಾನಾಪುರದ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಲ್ಲಿ ಚಕ್ರ ತಿರುಗಿಸಲು ಕಲಿತಿದ್ದರೆ, ಅದೇ ಆ ವರ್ಷದ ಲೆಕ್ಕ. ಬರೆಯಿರಿ.

ಸುಳ್ಳಿನ ಬಗ್ಗೆ ಮಾತ್ರ ನಾನು ಕಟುವಾಗಿಯೇ ಹೇಳುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತಂದು ತನ್ನದೆಂದು ಬರೆಯುವ ಚಾಳಿ ಹೆಚ್ಚಾಗಿದೆ. ಮೇಜಿನ ಆಚೆ ಕೂತವನು ಕೇಳುವುದು ಒಂದೇ: ಇದರಲ್ಲಿ ಮೊದಲು ಕೆಟ್ಟದ್ದು ಯಾವುದು, ಹೇಗೆ ಸರಿಮಾಡಿದೆ? ಸ್ವಂತ ಮಾಡಿದವನಿಗೆ ಅದನ್ನು ಹೇಳಲು ಅರ್ಧ ತಾಸು ಸಾಲದು. ಕೊಂಡವನು ಅಲ್ಲೇ ತಡವರಿಸುತ್ತಾನೆ. 6.8 ಸಿಜಿಪಿಎಯನ್ನು 7 ಎಂದು ಬರೆಯುವುದೂ ಸುಳ್ಳೇ. ಅಂಕಪಟ್ಟಿಯನ್ನು ಅವರು ನೋಡಿಯೇ ನೋಡುತ್ತಾರೆ. ವಿಟಿಯುದಲ್ಲಿ ನಾಲ್ಕು ವರ್ಷದ ಬಿಇ ಓದುವವರು 100 ಚಟುವಟಿಕೆ ಅಂಕ ಗಳಿಸಬೇಕೆಂಬ ನಿಯಮ ಬಂದಿದೆ. ಅದಕ್ಕಾಗಿ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದವರಿದ್ದಾರೆ, ಕೆರೆಯ ಹೂಳು ತೆಗೆದವರಿದ್ದಾರೆ. ಅದು ನಿಜವಾಗಿ ಮಾಡಿದ ಕೆಲಸ. ಅದನ್ನು ಫೈಲಿಗೆ ಹಾಕಿ ಮರೆತು, ಕೊಂಡುತಂದ ಪ್ರಾಜೆಕ್ಟನ್ನು ಬಯೋಡಾಟಾದಲ್ಲಿ ಮೆರೆಸುವುದು ಯಾವ ನ್ಯಾಯ?

ಹೆಸರಿನ ತೊಡಕು ನಮ್ಮ ಭಾಗದಲ್ಲಿ ವಿಶೇಷ. ನಮ್ಮಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಶಾಲೆಯಲ್ಲಿ ಅಡ್ಡಹೆಸರು ಮೊದಲು ಬಂದಿರುತ್ತದೆ, ಆಧಾರಿನಲ್ಲಿ ತಂದೆಯ ಹೆಸರು ಬಿಟ್ಟಿರುತ್ತದೆ, ಬ್ಯಾಂಕಿನಲ್ಲಿ ಒಂದು ಇನಿಶಿಯಲ್ ಸೇರಿರುತ್ತದೆ. ಪೀರನವಾಡಿ ಎಂಬ ಊರ ಹೆಸರನ್ನೇ ಇಂಗ್ಲಿಷಿನಲ್ಲಿ ನಾಲ್ಕು ಬಗೆ ಬರೆದ ಕಾಗದಗಳನ್ನು ಒಬ್ಬನೇ ಹುಡುಗ ತಂದಿದ್ದ. ಕೆಲಸ ಸಿಕ್ಕ ಮೇಲೆ ಪ್ರಾವಿಡೆಂಟ್ ಫಂಡಿನ ಖಾತೆ ತೆರೆಯುವಾಗ ಈ ವ್ಯತ್ಯಾಸ ಎದ್ದು ಕೂರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಬಯೋಡಾಟಾದಲ್ಲೂ ಅಕ್ಷರಕ್ಕೆ ಅಕ್ಷರ ಹಾಗೇ ಇರಲಿ. ಆಧಾರನ್ನು ಅದಕ್ಕೆ ಹೊಂದುವಂತೆ ಈಗಲೇ ತಿದ್ದಿಸಿ, ಕೆಲಸ ಸಿಗಲಿ ಆಮೇಲೆ ನೋಡೋಣ ಎನ್ನಬೇಡಿ.

ಕನ್ನಡದಲ್ಲಿ ಬಯೋಡಾಟಾ ಕೇಳುವ ಪತ್ರಿಕೆಗಳಿವೆ, ಸಹಕಾರಿ ಸಂಸ್ಥೆಗಳಿವೆ. ಅಲ್ಲಿಗೆ ಕಳಿಸುವಾಗ ಯುನಿಕೋಡಿನಲ್ಲೇ ಬೆರಳಚ್ಚು ಮಾಡಿಸಿ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದ ಕಡತ ಆ ಫಾಂಟಿಲ್ಲದ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಹಾಳೆಯನ್ನು ಫೋನಿನಲ್ಲಿ ಫೋಟೋ ಹೊಡೆದು ಕಳಿಸುವುದೂ ಬೇಡ. ದೊಡ್ಡ ಕಂಪನಿಗಳಲ್ಲಿ ಮೊದಲು ಓದುವುದು ಮನುಷ್ಯನಲ್ಲ, ತಂತ್ರಾಂಶ. ಬಣ್ಣದ ಚೌಕ, ಎರಡು ಕಾಲಮ್ಮುಗಳ ವಿನ್ಯಾಸ, ಚಿತ್ರದೊಳಗಿನ ಅಕ್ಷರ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಒಂದು ಪುಟ, ಸಾದಾ ಅಕ್ಷರ, ಪಿಡಿಎಫ್ ಸಾಕು. ಜಾತಿ, ಧರ್ಮ, ಎತ್ತರ, ಮದುವೆ ಇವುಗಳನ್ನು ಖಾಸಗಿ ಕೆಲಸದ ಬಯೋಡಾಟಾದಿಂದ ತೆಗೆದುಹಾಕಿ. ಸರ್ಕಾರಿ ಅರ್ಜಿಯಲ್ಲಿ ಕೇಳಿದರೆ ಅಲ್ಲಿ ಕೊಡಿ. ಆಧಾರ್ ಸಂಖ್ಯೆಯನ್ನಂತೂ ಬಯೋಡಾಟಾದಲ್ಲಿ ಎಂದೂ ಹಾಕಬೇಡಿ.

ಕೆಲಸ ಕೊಡಿಸುತ್ತೇವೆ, ನೋಂದಣಿ ಶುಲ್ಕ ಕಳಿಸಿ ಎಂದು ಫೋನು ಬಂದರೆ ಅದು ಮೋಸವೆಂದೇ ತಿಳಿಯಿರಿ. ನೆಟ್ಟಗಿನ ಕಾರ್ಖಾನೆ ಕೆಲಸ ಕೊಡಲು ಹಣ ಕೇಳುವುದಿಲ್ಲ. ಹಣ ಕಳಿಸಿಬಿಟ್ಟಿದ್ದರೆ ನಾಚಿಕೊಂಡು ಸುಮ್ಮನಿರದೆ ತಕ್ಷಣ 1930ಕ್ಕೆ ಫೋನು ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಬರೆಯಲು ನನ್ನ ಬಳಿ ಏನೂ ಇಲ್ಲ ಎನ್ನುವವರಿಗೆ ಒಂದು ಮಾತು. 1961ರ ಅಪ್ರೆಂಟಿಸ್ ಕಾಯ್ದೆಯನ್ನು ನೆನಪಿಡಿ. 30 ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆ, ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು, ತಮ್ಮ ಒಟ್ಟು ಸಿಬ್ಬಂದಿಯ ಶೇಕಡಾ 2.5ರಿಂದ 15ರವರೆಗೆ. ಐಟಿಐ, ಡಿಪ್ಲೊಮಾ, ಪದವಿ ಮುಗಿಸಿದವರೆಲ್ಲ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ಗಳಲ್ಲಿ ಹೆಸರು ನೋಂದಾಯಿಸಬಹುದು. ಸ್ಟೈಪೆಂಡ್ ದೊಡ್ಡ ಮೊತ್ತವಲ್ಲ, ಆದರೆ ಅಲ್ಲಿ ಕಳೆದ ಕಾಲ ಬಯೋಡಾಟಾದ ಮೇಲ್ಭಾಗಕ್ಕೆ ಬೇಕಾದ ಸಾಲುಗಳನ್ನು ಕೊಡುತ್ತದೆ. ಉದ್ಯಮಬಾಗ, ಮಚ್ಛೆಯ ಗೇಟುಗಳ ಮುಂದೆ ದಿನಾ ಬಸ್ಸಿನಲ್ಲಿ ಹಾದುಹೋಗುವ ನೀವು ಒಂದು ದಿನ ಇಳಿದು, ಅಪ್ರೆಂಟಿಸರನ್ನು ಯಾವಾಗ ತಗೋತೀರಿ ಎಂದು ಕೇಳಿ.

ತಂದೆ ತಾಯಿಯರಲ್ಲಿ ನನ್ನದೊಂದು ಬಿನ್ನಹ. ಇವತ್ತು ರಾತ್ರಿ ಊಟವಾದ ಮೇಲೆ ಮಗನನ್ನೋ ಮಗಳನ್ನೋ ಹತ್ತಿರ ಕೂರಿಸಿಕೊಂಡು, ನಮ್ಮ ಮನೆಯಲ್ಲಿ ನೀನು ಏನೇನು ಕೆಲಸ ಮಾಡಿದ್ದೀ ಎಂದು ಒಂದೊಂದಾಗಿ ನೆನಪು ಮಾಡಿಕೊಡಿ. ಡೇರಿಗೆ ಹಾಲು ಹಾಕಿ ಲೆಕ್ಕ ಇಟ್ಟದ್ದು, ಗಣಪತಿ ಮಂಡಳದ ಜಮಾಖರ್ಚು ಬರೆದದ್ದು, ಮಾಮನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿದ್ದು. ಅವರು ಮರೆತದ್ದು ನಿಮಗೆ ನೆನಪಿರುತ್ತದೆ. ಎಷ್ಟು ತಿಂಗಳು, ಎಷ್ಟು ಜನ, ಎಷ್ಟು ಲೀಟರು ಎಂದು ಸಂಖ್ಯೆಯಲ್ಲಿ ಬರೆಸಿ. ನಾಳೆ ಝೆರಾಕ್ಸ್ ಅಂಗಡಿಗೆ ಹೋಗುವಾಗ ಆ ಹಾಳೆ ಅವರ ಕೈಯಲ್ಲಿರಲಿ.